ದೋಣಿಗೆ ತಕ್ಕ ಪ್ರೊಪೆಲರು

ಕುಂದಾಪುರದ ಎದುರಿಗೆ ಐದು ಹೊಳೆಗಳು ಕೂಡಿ ಕಡಲನ್ನು ಸೇರುವ ಗಂಗೊಳ್ಳಿಯ ಅಳಿವೆಯನ್ನು ಕಂಡವರಿಗೆ ಅಲ್ಲಿಯ ನೀರಿನ ಸ್ವಭಾವವನ್ನು ವಿವರಿಸಬೇಕಾಗಿಲ್ಲ. ಹೊಳೆಗಳು ಹೊತ್ತು ತಂದ ಮರಳು ಅಳಿವೆಯ ಬಾಯಲ್ಲಿ ದಿಬ್ಬವಾಗಿ ನಿಲ್ಲುವುದು. ಕಡಲಿನ ಅಲೆ ಆ ದಿಬ್ಬದ ಮೇಲಕ್ಕೆ ಬಂದೊಡನೆ ತಲೆಯೆತ್ತಿ ಮುರಿಯುವುದು. ಮೀನು ತುಂಬಿಕೊಂಡು ಮರಳುವ ದೋಣಿ ಎರಡು ದೊಡ್ಡ ಅಲೆಗಳ ನಡುವೆ ದೊರೆಯುವ ಅಲ್ಪ ಅವಕಾಶದಲ್ಲಿ ಈ ಎಡೆಯನ್ನು ದಾಟಿಬಿಡಬೇಕು. ಆಗ ಎಂಜಿನು ಏದುಸಿರು ಬಿಟ್ಟರೆ ಹಿಂದಿನಿಂದ ಬರುವ ಅಲೆ ದೋಣಿಯನ್ನು ಅಡ್ಡಕ್ಕೆ ತಿರುಗಿಸಿ ಮಗುಚಿಬಿಡಬಹುದು.

ಕೆಲವು ವರ್ಷಗಳ ಹಿಂದೆ ನಾವು ಅಲ್ಲಿಯ ದಕ್ಕೆಯ ಮೇಲೆ ನಿಂತಿದ್ದಾಗ ನಾಡದೋಣಿಯ ಯಜಮಾನನೊಬ್ಬನು ತನ್ನ ಎಂಜಿನನ್ನು ಶಪಿಸುತ್ತ ದಡಕ್ಕೆ ಬಂದನು. ದೋಣಿಯ ಹಿಂಬದಿಗೆ ಕಟ್ಟಿದ್ದ ಸುಮಾರು ಹತ್ತು ಅಶ್ವಶಕ್ತಿಯ ಸೀಮೆಎಣ್ಣೆಯ ಯಂತ್ರವದು. ಕೊಂಡು ಒಂದು ವರ್ಷವೂ ಆಗಿರಲಿಲ್ಲ. “ಬೆಳಿಗ್ಗೆ ಹೋಗುವಾಗ ಕುದುರೆ, ಸಂಜೆ ಬರುವಾಗ ಎಮ್ಮೆ” ಎಂಬುದು ಅವನ ದೂರು. ಖಾಲಿ ದೋಣಿಯನ್ನು ಯಂತ್ರ ಹಾರಿಸಿಕೊಂಡು ಹೋಗುತ್ತಿತ್ತು. ಬಲೆ, ಮೀನು, ಮಂಜುಗಡ್ಡೆಗಳ ಭಾರ ಬಿದ್ದೊಡನೆ ಕಪ್ಪು ಹೊಗೆ ಕಾರುತ್ತ, ಎಷ್ಟು ಥ್ರಾಟಲು ತಿರುಗಿಸಿದರೂ ಓಟವನ್ನೇ ಹಿಡಿಯುತ್ತಿರಲಿಲ್ಲ. ದಕ್ಕೆಯಲ್ಲಿದ್ದ ಒಬ್ಬ ವಯಸ್ಸಾದ ಮೆಕ್ಯಾನಿಕನು ಎಂಜಿನಿನ ಮುಚ್ಚಳವನ್ನು ಮುಟ್ಟಲೂ ಇಲ್ಲ. ಯಂತ್ರವನ್ನು ಓರೆಯಾಗಿಸಿ, ಪ್ರೊಪೆಲರಿನ ನಡುವಣ ಗುಂಬದ ಮೇಲೆ ಹೆಬ್ಬೆರಳಿನಿಂದ ಮಸಿಯನ್ನು ಉಜ್ಜಿ, ಅಲ್ಲಿ ಒತ್ತಿದ್ದ ಅಂಕಿಗಳನ್ನು ಓದಿದನು: ಒಂಬತ್ತೂಕಾಲು, ಹತ್ತು. “ಇದು ಖಾಲಿ ದೋಣಿಯ ಪಂಕ. ನೀನು ತುಂಬಿದ ದೋಣಿಯ ಪಂಕ ಹಾಕಿಸು” ಎಂದಷ್ಟೇ ಹೇಳಿದನು.

ಆ ಎರಡು ಅಂಕಿಗಳಲ್ಲಿ ಒಂದು ದೋಣಿಯ ಬಲಾಬಲವೆಲ್ಲ ಹೇಗೆ ಅಡಗಿರಬಲ್ಲುದು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಯಂತ್ರಶಾಸ್ತ್ರದ ಒಂದು ಸೊಗಸಾದ ಅಧ್ಯಾಯವೇ ತೆರೆದುಕೊಳ್ಳುತ್ತದೆ.

ಮೊದಲನೆಯ ಅಂಕಿ ವ್ಯಾಸ. ಅಲಗುಗಳ ತುದಿಗಳು ತಿರುಗುವಾಗ ಬರೆಯುವ ವೃತ್ತದ ಅಡ್ಡಳತೆ ಅದು. ಅಂಗುಲಗಳಲ್ಲಿ ಹೇಳುವುದು ವಾಡಿಕೆ. ಎರಡನೆಯದು ಪಿಚ್. ಇದು ಕಣ್ಣಿಗೆ ಕಾಣುವ ಅಳತೆಯಲ್ಲವಾದುದರಿಂದ ಸ್ವಲ್ಪ ನಿಧಾನವಾಗಿ ತಿಳಿಯಬೇಕು. ಮರದ ಹಲಗೆಗೆ ತಿರುಪುಮೊಳೆಯನ್ನು ತಿರುಗಿಸಿ ಇಳಿಸುವಾಗ ಒಂದು ಪೂರ್ಣ ಸುತ್ತಿಗೆ ಅದು ಎಷ್ಟು ಒಳಕ್ಕೆ ಇಳಿಯುವುದೋ ಅದೇ ಆ ತಿರುಪಿನ ಪಿಚ್. ಪ್ರೊಪೆಲರೂ ಒಂದು ತಿರುಪಿನ ತುಣುಕೇ. ನೀರು ಮರದಂತೆ ಗಟ್ಟಿಯಾಗಿದ್ದರೆ, ಹತ್ತು ಅಂಗುಲದ ಪಿಚ್ ಉಳ್ಳ ಪ್ರೊಪೆಲರು ಒಂದು ಸುತ್ತು ತಿರುಗಿದಾಗ ದೋಣಿಯನ್ನು ಹತ್ತು ಅಂಗುಲ ಮುಂದಕ್ಕೆ ಒಯ್ಯುವುದು.

ವಿದ್ಯಾರ್ಥಿಗಳು ಮನೆಯಲ್ಲಿ ಇದನ್ನು ಪರೀಕ್ಷಿಸಬಹುದು. ಲಂಬಕೋನ ತ್ರಿಭುಜಾಕಾರವಾಗಿ ಕತ್ತರಿಸಿದ ಕಾಗದವನ್ನು ಪೆನ್ಸಿಲಿಗೆ ಸುತ್ತಿದರೆ ಅದರ ಓರೆಯಂಚು ಪೆನ್ಸಿಲಿನ ಸುತ್ತ ತಿರುಪಾಗಿ ಏರುವುದು. ಅದೇ ಎತ್ತರದ, ಆದರೆ ಉದ್ದವಾದ ತಳವುಳ್ಳ ಕಾಗದವನ್ನು ದಪ್ಪನೆಯ ಕೋಲಿಗೆ ಒಂದೇ ಸುತ್ತು ಬರುವಂತೆ ಸುತ್ತಿರಿ. ಒಂದು ಸುತ್ತಿಗೆ ಏರುವ ಎತ್ತರ ಎರಡರಲ್ಲಿಯೂ ಒಂದೇ. ಆದರೆ ದಪ್ಪನೆಯ ಕೋಲಿನ ಮೇಲೆ ಏರು ಮೆಲ್ಲಗೆ, ಪೆನ್ಸಿಲಿನ ಮೇಲೆ ಕಡಿದು. ಪ್ರೊಪೆಲರಿನ ಅಲಗು ಬುಡದಲ್ಲಿ ಕಡಿದಾಗಿಯೂ ತುದಿಯಲ್ಲಿ ಚಪ್ಪಟೆಯಾಗಿಯೂ ತಿರುಚಿಕೊಂಡಿರುವ ಗುಟ್ಟು ಇದೇ. ಹದಿಮೂರು ಅಂಗುಲ ವ್ಯಾಸ, ಹದಿನಾರು ಅಂಗುಲ ಪಿಚ್ ಉಳ್ಳ ಪ್ರೊಪೆಲರಿನಲ್ಲಿ ಅಲಗಿನ ತುದಿಯ ಓರೆ ಸುಮಾರು ೨೧ ಡಿಗ್ರಿ. ಬುಡಕ್ಕೂ ತುದಿಗೂ ನಡುವೆ, ಅರ್ಧ ತ್ರಿಜ್ಯದಲ್ಲಿ, ಸುಮಾರು ೩೮ ಡಿಗ್ರಿ. ಅಲಗಿನ ಎಲ್ಲ ಭಾಗಗಳೂ ಒಂದು ಸುತ್ತಿಗೆ ಒಂದೇ ದೂರ ಮುಂದುವರಿಯಬೇಕಾದರೆ ಹೀಗೆ ತಿರುಚದೆ ಗತ್ಯಂತರವಿಲ್ಲ. ಗುಂಬದ ಮೇಲಿನ ಅಂಕಿ ಸವೆದು ಹೋಗಿದ್ದರೆ ಈ ತತ್ತ್ವದಿಂದಲೇ ಪಿಚ್ಚನ್ನು ಅಳೆಯಬಹುದು. ಪ್ರೊಪೆಲರನ್ನು ಮೇಜಿನ ಮೇಲೆ ಮಲಗಿಸಿ, ನಡುವಿನಿಂದ ಒಂದೇ ದೂರದಲ್ಲಿ ಅಲಗಿನ ಎರಡು ಅಂಚುಗಳ ಎತ್ತರವನ್ನು ನೋಡಬೇಕು. ಆ ಎರಡು ಅಂಚುಗಳ ನಡುವೆ ೬೦ ಡಿಗ್ರಿಗಳಷ್ಟು ತಿರುವಿದ್ದು, ಎತ್ತರದ ವ್ಯತ್ಯಾಸ ಎರಡು ಅಂಗುಲವಿದ್ದರೆ, ಪೂರ್ಣ ಸುತ್ತಿಗೆ ಅದರ ಆರರಷ್ಟು, ಎಂದರೆ ಹನ್ನೆರಡು ಅಂಗುಲ ಪಿಚ್.

ಈಗ ಲೆಕ್ಕಕ್ಕೆ ಬರೋಣ. ಎಂಜಿನು ನಿಮಿಷಕ್ಕೆ ೫,೦೦೦ ಸುತ್ತು ತಿರುಗುತ್ತಿದೆ. ಕೆಳಗಿನ ಗೇರುಗಳು ಅದನ್ನು ಅರ್ಧಕ್ಕೆ ಇಳಿಸಿ ಪ್ರೊಪೆಲರನ್ನು ೨,೫೦೦ ಸುತ್ತು ತಿರುಗಿಸುತ್ತಿವೆ. ಪಿಚ್ ಹದಿನಾರು ಅಂಗುಲ, ಎಂದರೆ ೪೦.೬ ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ ೧,೦೧೬ ಮೀಟರು, ಗಂಟೆಗೆ ಸುಮಾರು ೬೧ ಕಿಲೋಮೀಟರು ದೋಣಿ ಓಡಬೇಕು. ಆದರೆ ನೀರು ಮರವಲ್ಲ. ಅಳೆದು ನೋಡಿದರೆ ದೋಣಿ ೫೧ ಕಿಲೋಮೀಟರು ಓಡುತ್ತಿರುವುದು ಕಂಡುಬರಬಹುದು. ಉಳಿದ ಹತ್ತು ಕಿಲೋಮೀಟರು, ಎಂದರೆ ನೂರಕ್ಕೆ ಸುಮಾರು ಹದಿನಾರು ಭಾಗ, ಎಲ್ಲಿ ಹೋಯಿತು? ಇದಕ್ಕೆ ಜಾರಿಕೆ ಎಂದು ಹೆಸರು. ನೀರಿನ ಮೇಲೆ ಜಿಗಿದು ಓಡುವ ಹಗುರ ದೋಣಿಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತರವರೆಗೆ ಜಾರಿಕೆ ಸಾಮಾನ್ಯ. ನೀರನ್ನು ಸೀಳಿಕೊಂಡು ನಿಧಾನವಾಗಿ ಸಾಗುವ ಭಾರವಾದ ದೋಣಿಗಳಲ್ಲಿ ಅದು ಮೂವತ್ತು, ನಲವತ್ತನ್ನೂ ಮುಟ್ಟುವುದುಂಟು.

ಜಾರಿಕೆ ಎಂಬ ಹೆಸರು ಕೇಳಿ ಅದೊಂದು ದೋಷವೆಂದೇ ಬಹುಮಂದಿ ತಿಳಿಯುತ್ತಾರೆ. ನಮಗೆ ಈ ಹೆಸರೇ ಸರಿಯಲ್ಲವೆಂದು ತೋರುತ್ತದೆ. ದೋಣಿ ಮುಂದಕ್ಕೆ ಹೋಗುವುದು ನೀರನ್ನು ಹಿಂದಕ್ಕೆ ಎಸೆಯುವುದರಿಂದಲೇ. ನ್ಯೂಟನ್ನನ ಮೂರನೆಯ ನಿಯಮ ಇಲ್ಲಿ ಬೇರಾವ ದಾರಿಯನ್ನೂ ಬಿಟ್ಟಿಲ್ಲ. ಜಾರಿಕೆ ಸೊನ್ನೆಯಾದರೆ ನೀರು ಹಿಂದಕ್ಕೆ ಹೋಗದು. ನೀರು ಹಿಂದಕ್ಕೆ ಹೋಗದಿದ್ದರೆ ದೋಣಿಗೆ ನೂಕುಬಲವೂ ಇಲ್ಲ. ಆದುದರಿಂದ ಜಾರಿಕೆ ಎಷ್ಟಿರಬೇಕು ಎಂಬುದು ಪ್ರಶ್ನೆಯೇ ಹೊರತು, ಇರಬೇಕೇ ಬೇಡವೇ ಎಂಬುದಲ್ಲ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇದನ್ನು ಯಾರೂ ಸ್ಪಷ್ಟವಾಗಿ ಅರಿತಿರಲಿಲ್ಲ. ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬ ಬೇಸಾಯಗಾರನಿದ್ದನು. ಆಟಿಕೆಯ ದೋಣಿಗಳ ಹುಚ್ಚು ಅವನಿಗೆ ಬಾಲ್ಯದಿಂದಲೂ ಇತ್ತು. ೧೮೩೬ರಲ್ಲಿ ಅವನು ತಿರುಪಿನಿಂದ ಹಡಗು ನಡೆಸುವ ಉಪಾಯಕ್ಕೆ ಪೇಟೆಂಟು ಪಡೆದನು. ಅವನ ತಿರುಪು ಮರದ್ದು. ಉದ್ದವಾಗಿ, ಪೂರ್ಣ ಎರಡು ಸುತ್ತು ಬರುವಂತೆ ಮಾಡಿದ್ದು. ಸುತ್ತು ಹೆಚ್ಚಿದಷ್ಟೂ ನೀರಿನ ಹಿಡಿತ ಹೆಚ್ಚೆಂಬುದು ಅವನ ತರ್ಕ. ೧೮೩೭ರಲ್ಲಿ ಲಂಡನ್ನಿನ ಪ್ಯಾಡಿಂಗ್‌ಟನ್ ಕಾಲುವೆಯಲ್ಲಿ ಪರೀಕ್ಷೆ ನಡೆಯುತ್ತಿದ್ದಾಗ ನೀರಿನೊಳಗಿನ ಏನೋ ತಾಗಿ ತಿರುಪಿನ ಅರ್ಧಭಾಗ ಮುರಿದು ಬಿದ್ದಿತು. ದೋಣಿ ನಿಲ್ಲಬೇಕಾಗಿತ್ತು, ಅದು ಮೊದಲಿಗಿಂತ ವೇಗವಾಗಿ ಓಡತೊಡಗಿತು! ಉದ್ದನೆಯ ತಿರುಪಿನ ಹಿಂಭಾಗಕ್ಕೆ, ಮುಂಭಾಗವು ಆಗಲೇ ಹಿಂದಕ್ಕೆ ಎಸೆದ ನೀರು ದೊರೆಯುತ್ತಿತ್ತು. ಅದು ನೀರಿಗೆ ಉಜ್ಜಿಕೊಂಡು ಶಕ್ತಿಯನ್ನು ವ್ಯರ್ಥಮಾಡುವುದೊಂದೇ ಉಳಿದ ಕೆಲಸವಾಗಿತ್ತು. ಇಂದಿನ ಪ್ರೊಪೆಲರು ಸುತ್ತಿನ ಒಂದು ಸಣ್ಣ ಭಾಗವನ್ನಷ್ಟೇ ಅಲಗುಗಳಾಗಿ ಉಳಿಸಿಕೊಂಡಿರುವುದಕ್ಕೆ ಆ ಕಾಲುವೆಯ ಅಪಘಾತವೂ ಒಂದು ಕಾರಣ.

೧೮೪೫ರಲ್ಲಿ ಬ್ರಿಟಿಷ್ ನೌಕಾಪಡೆ ತಿರುಪಿನ ‘ರ‍್ಯಾಟ್ಲರ್’ ಹಡಗನ್ನೂ ಪಕ್ಕದ ಚಕ್ರಗಳಿಂದ ನಡೆಯುವ ‘ಅಲೆಕ್ಟೊ’ ಹಡಗನ್ನೂ ಹಿಂಬದಿಯಿಂದ ಕಟ್ಟಿ ಜಗ್ಗಾಟ ನಡೆಸಿತು. ಅಲೆಕ್ಟೊ ತನ್ನ ಚಕ್ರಗಳನ್ನು ಪೂರ್ಣಬಲದಿಂದ ತಿರುಗಿಸುತ್ತಿದ್ದರೂ ಸುಮಾರು ಎರಡೂವರೆ ನಾಟ್ ವೇಗದಲ್ಲಿ ಹಿಂದು ಹಿಂದಕ್ಕೆ ಎಳೆದೊಯ್ಯಲ್ಪಟ್ಟಿತು. ಪುಸ್ತಕಗಳಲ್ಲಿ ಈ ಕಥೆ ಬಹಳ ಮೆರೆದಿದೆ. ರ‍್ಯಾಟ್ಲರಿನ ಎಂಜಿನಿಗೆ ಬಲವೂ ಸ್ವಲ್ಪ ಹೆಚ್ಚಿದ್ದಿತೆಂಬುದನ್ನು ಮಾತ್ರ ಹಲವರು ಹೇಳುವುದಿಲ್ಲ.

ನೀರನ್ನು ಎಸೆಯುವುದೇ ಸರಿ. ಆದರೆ ಹೇಗೆ ಎಸೆಯಬೇಕು? ಸ್ವಲ್ಪ ನೀರನ್ನು ರಭಸದಿಂದಲೋ, ಹೆಚ್ಚು ನೀರನ್ನು ಮೆಲ್ಲಗೋ? ಒಂದು ಪ್ರೊಪೆಲರು ಸೆಕೆಂಡಿಗೆ ೧೦೦ ಕಿಲೋಗ್ರಾಂ ನೀರನ್ನು ಸೆಕೆಂಡಿಗೆ ನಾಲ್ಕು ಮೀಟರು ವೇಗದಿಂದ ಹಿಂದಕ್ಕೆ ಎಸೆಯುವುದೆನ್ನೋಣ. ಇನ್ನೊಂದು ೨೦೦ ಕಿಲೋಗ್ರಾಂ ನೀರನ್ನು ಎರಡು ಮೀಟರು ವೇಗದಿಂದ ಎಸೆಯಲಿ. ರಾಶಿಯನ್ನು ವೇಗದಿಂದ ಗುಣಿಸಿದರೆ ಎರಡರ ನೂಕುಬಲವೂ ಒಂದೇ, ೪೦೦ ನ್ಯೂಟನ್. ಆದರೆ ಹಿಂದೆ ಬಿಟ್ಟ ನೀರಿನಲ್ಲಿ ಪೋಲಾಗುವ ಚಲನಶಕ್ತಿ ವೇಗದ ವರ್ಗವನ್ನು ಅವಲಂಬಿಸುವುದು. ಮೊದಲನೆಯದು ೮೦೦ ವಾಟ್‌ಗಳನ್ನು ನೀರಿಗೆ ದಾನ ಮಾಡಿದರೆ, ಎರಡನೆಯದು ಮಾಡುವ ದಾನ ೪೦೦ ಮಾತ್ರ. ಹೀಗಾಗಿ ಭಾರವನ್ನು ಎಳೆಯುವ ದೋಣಿಗೆ ದೊಡ್ಡ ವ್ಯಾಸದ, ನಿಧಾನವಾಗಿ ತಿರುಗುವ ಪ್ರೊಪೆಲರೇ ಶ್ರೇಷ್ಠ. ಬಂದರಿನಲ್ಲಿ ಹಡಗುಗಳನ್ನು ಎಳೆಯುವ ಟಗ್ ದೋಣಿಗಳ ಪ್ರೊಪೆಲರನ್ನು ಕಂಡವರು ದೋಣಿಯ ಗಾತ್ರಕ್ಕೆ ಅದು ಅತಿಯಾಯಿತೆಂದು ಬೆರಗಾಗುವುದುಂಟು. ವೇಗದ ದೋಣಿಯ ಮಾತು ಬೇರೆ. ಅದು ಓಡುವ ರಭಸದಿಂದಲೇ ಪ್ರೊಪೆಲರಿನ ಬಳಿಗೆ ಬೇಕಾದಷ್ಟು ನೀರು ಬರುತ್ತಿರುವುದರಿಂದ ಚಿಕ್ಕ ವ್ಯಾಸ, ದೊಡ್ಡ ಪಿಚ್ ಸಾಕು; ದೊಡ್ಡ ಅಲಗುಗಳಾದರೋ ಉಜ್ಜಿಕೊಂಡು ಬ್ರೇಕಿನಂತೆ ಹಿಡಿಯುವುವು.

ಹಾಗಾದರೆ ನಾಡದೋಣಿಗೂ ಒಂದು ಮಾರುದ್ದದ ಪ್ರೊಪೆಲರನ್ನು ಏಕೆ ಕಟ್ಟಬಾರದು? ಮರಳಿಗೆ ತಾಗುತ್ತದೆ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಎಂಜಿನಿನಿಂದ ಬರುತ್ತದೆ. ಒಂದೇ ಆಕಾರದ ಪ್ರೊಪೆಲರನ್ನು ಎಲ್ಲ ಕಡೆಯಿಂದಲೂ ಸಮಪ್ರಮಾಣದಲ್ಲಿ ಹಿಗ್ಗಿಸಿ, ಅಷ್ಟೇ ಸುತ್ತು ತಿರುಗಿಸಬೇಕಾದರೆ, ಬೇಕಾಗುವ ಶಕ್ತಿ ವ್ಯಾಸದ ಐದನೆಯ ಘಾತದಂತೆ ಏರುವುದು. ಹದಿಮೂರು ಅಂಗುಲವನ್ನು ಹದಿನಾಲ್ಕು ಮಾಡಿದರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಆದರೆ ಎಂಜಿನು ನೂರಕ್ಕೆ ನಲವತ್ತೈದರಷ್ಟು ಹೆಚ್ಚು ಶಕ್ತಿಯನ್ನು ತೆರಬೇಕು! ಸುತ್ತುಗಳ ವಿಷಯದಲ್ಲಿ ನಿಯಮ ಮೂರನೆಯ ಘಾತದ್ದು. ಸುತ್ತನ್ನು ಅರ್ಧ ಮಾಡಿದರೆ ಶಕ್ತಿ ಎಂಟನೆಯ ಒಂದು ಭಾಗ ಸಾಕು. ಆದುದರಿಂದ ದೋಣಿಯ ಹೊರಗೆ ಕಟ್ಟುವ ಎಂಜಿನುಗಳಲ್ಲಿ ವ್ಯಾಸವನ್ನು ಎಂಜಿನಿನ ಬಲ, ಗೇರು, ಪ್ರೊಪೆಲರಿನ ಮೇಲಿರುವ ತಗಡಿನವರೆಗಿನ ಜಾಗ ಇವುಗಳನ್ನು ನೋಡಿ ತಯಾರಕರೇ ಬಹುಮಟ್ಟಿಗೆ ನಿಶ್ಚಯಿಸಿರುತ್ತಾರೆ. ಕೊಳ್ಳುವವನ ಕೈಯಲ್ಲಿ ಉಳಿಯುವ ಆಯ್ಕೆ ಮುಖ್ಯವಾಗಿ ಪಿಚ್ಚಿನದು.

ಪಿಚ್ ದೋಣಿಯ ಗೇರು ಎಂದರೆ ತಪ್ಪಾಗದು. ತುಂಬಿದ ಬಸ್ಸನ್ನು ಆಗುಂಬೆಯ ಘಾಟಿಯಲ್ಲಿ ನಾಲ್ಕನೆಯ ಗೇರಿನಲ್ಲಿಯೇ ಹತ್ತಿಸಹೊರಟರೆ ಏನಾದೀತು? ಎಂಜಿನು ಗುಡುಗುಟ್ಟಿ, ನಡುಗಿ, ನಿಂತುಹೋಗುವುದು. ಚಾಲಕನು ಗೇರನ್ನು ಇಳಿಸುತ್ತಾನೆ. ಆದರೆ ಮೋಟಾರುದೋಣಿಯಲ್ಲಿ ಮುಂದಕ್ಕೆ ಹೋಗಲು ಇರುವುದು ಒಂದೇ ಗೇರು. ಅದನ್ನು ದಡದಲ್ಲಿಯೇ, ಪ್ರೊಪೆಲರನ್ನು ಕೊಳ್ಳುವಾಗಲೇ, ಆರಿಸಿ ಹೊರಡಬೇಕು. ಕಡಲಿನ ನಡುವೆ ಬದಲಾಯಿಸುವಂತಿಲ್ಲ.

ಪಿಚ್ ಹೆಚ್ಚಾದರೆ ಆಗುವ ಹಾನಿ ಬರಿಯ ನಿಧಾನವಲ್ಲ. ಪ್ರತಿಯೊಂದು ಎಂಜಿನಿಗೂ ಥ್ರಾಟಲನ್ನು ಪೂರ್ತಿ ತೆರೆದಾಗ ಇಷ್ಟರಿಂದ ಇಷ್ಟರವರೆಗೆ ತಿರುಗಬೇಕೆಂಬ ಒಂದು ಎಲ್ಲೆಯನ್ನು ತಯಾರಕರು ಗೊತ್ತುಮಾಡಿರುತ್ತಾರೆ. ನಿಮಿಷಕ್ಕೆ ೫,೦೦೦ದಿಂದ ೬,೦೦೦ ಸುತ್ತು ಎಂಬುದು ಇಂದಿನ ಅನೇಕ ಎಂಜಿನುಗಳ ಎಲ್ಲೆ. ಅತಿಯಾದ ಪಿಚ್ ಕಟ್ಟಿಕೊಂಡ ಎಂಜಿನು ಆ ಎಲ್ಲೆಯನ್ನು ಮುಟ್ಟುವುದೇ ಇಲ್ಲ. ಥ್ರಾಟಲು ಪೂರ್ತಿ ತೆರೆದಿದೆ. ಸಿಲಿಂಡರಿನೊಳಕ್ಕೆ ಇಂಧನ ಮತ್ತು ಗಾಳಿ ತುಂಬಿ ಬರುತ್ತಿವೆ. ಆದರೆ ಪಿಸ್ಟನ್ ನಿಧಾನವಾಗಿ ಚಲಿಸುತ್ತಿದೆ. ಉರಿಯ ಒತ್ತಡವೂ ಕಾವೂ ಪಿಸ್ಟನ್ನಿನ ತಲೆಯ ಮೇಲೆ ಹೆಚ್ಚು ಹೊತ್ತು ಕೂರುವುವು. ಕಾಲಕ್ಕೆ ಮುಂಚಿನ ಸಿಡಿತ, ಇಂಗಾಲದ ಹೊರೆ, ಬೇರಿಂಗುಗಳ ಸವೆತ ಒಂದೊಂದಾಗಿ ಬರುವುವು. ಹೊರಗಿನಿಂದ ನೋಡುವವನಿಗೆ ಎಂಜಿನು ನಿಧಾನವಾಗಿ ತಿರುಗುತ್ತಿರುವುದರಿಂದ ಸುಖವಾಗಿಯೇ ಇರುವಂತೆ ತೋರುವುದು. ಕೆಡುವುದು ಈ ಸುಖದಲ್ಲಿಯೇ. ಪಿಚ್ ಅತಿ ಕಡಿಮೆಯಾದರೆ ಇದಕ್ಕೆ ವಿರುದ್ಧವಾಗಿ ಎಂಜಿನು ಎಲ್ಲೆ ಮೀರಿ ಚೀರುವುದು, ದೋಣಿ ಮಾತ್ರ ಮುಂದಕ್ಕೆ ಸಾಗದು. ಇತ್ತೀಚಿನ ಹಲವು ಎಂಜಿನುಗಳಲ್ಲಿ ಅಂಥ ಸಮಯದಲ್ಲಿ ಕಿಡಿಯನ್ನು ತಡೆದು ಓಟವನ್ನು ಕಟ್ಟಿಹಾಕುವ ಏರ್ಪಾಡು ಇರುತ್ತದೆ. ಎರಡು ತಪ್ಪುಗಳಲ್ಲಿ ಮೊದಲನೆಯದೇ ಹೆಚ್ಚು ಅಪಾಯಕರವೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಎರಡನೆಯದು ಕೂಗಿ ಹೇಳುತ್ತದೆ. ಮೊದಲನೆಯದು ಸದ್ದಿಲ್ಲದೆ ಕೊಲ್ಲುತ್ತದೆ.

ಸರಿಯಾದ ಪಿಚ್ಚನ್ನು ಕಂಡುಹಿಡಿಯಲು ಬೇಕಾದ ಉಪಕರಣ ಒಂದೇ, ಸುತ್ತುಗಳನ್ನು ಎಣಿಸುವ ಟ್ಯಾಕೋಮೀಟರು. ದೋಣಿಯಲ್ಲಿ ಪ್ರತಿದಿನ ಎಷ್ಟು ಭಾರ ಇರುವುದೋ ಅಷ್ಟನ್ನೂ ಹೇರಿ, ಶಾಂತವಾದ ನೀರಿನಲ್ಲಿ, ಥ್ರಾಟಲನ್ನು ಪೂರ್ತಿ ತೆರೆದು, ಓಟ ನೆಲೆಗೊಂಡ ಮೇಲೆ ಅಂಕಿಯನ್ನು ಓದಬೇಕು. ಹರಿವಿದ್ದರೆ ಎರಡು ದಿಕ್ಕಿನಲ್ಲಿಯೂ ಓಡಿಸಿ ನೋಡಬೇಕು. ಅರ್ಧ ಥ್ರಾಟಲಿನಲ್ಲಿ ನೋಡಿದರೆ ಪ್ರಯೋಜನವಿಲ್ಲ. ಮೇಲೆ ಹೇಳಿದ ಮೂರನೆಯ ಘಾತದ ನಿಯಮದಿಂದಾಗಿ ಕಡಿಮೆ ಸುತ್ತಿನಲ್ಲಿ ಎಂಥ ಪ್ರೊಪೆಲರೂ ಹಗುರವಾಗಿಯೇ ತಿರುಗುವುದು, ಕಳ್ಳನೂ ಸಾಧುವಿನಂತೆ ಕಾಣುವನು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಎಂಜಿನಿನ ಎಲ್ಲೆ ೫,೦೦೦ದಿಂದ ೬,೦೦೦. ಕಟ್ಟಿರುವ ಪ್ರೊಪೆಲರಿನ ಪಿಚ್ ಹತ್ತೊಂಬತ್ತು ಅಂಗುಲ. ಇಬ್ಬರೇ ಕುಳಿತಾಗ ಎಂಜಿನು ೫,೫೦೦ ಸುತ್ತು ತಿರುಗುತ್ತದೆ. ಎಲ್ಲವೂ ಸರಿಯಾಗಿದೆಯೆಂದು ದೋಣಿಯವನು ಸಂತೋಷಪಡುತ್ತಾನೆ. ಆರು ಜನರನ್ನೂ ಸಾಮಾನನ್ನೂ ಹೇರಿದಾಗ ೪,೭೦೦ಕ್ಕೆ ಇಳಿಯುತ್ತದೆ. ಒಂದು ಅಂಗುಲ ಪಿಚ್ ಕಡಿಮೆ ಮಾಡಿದರೆ ಸುತ್ತು ೧೫೦ರಿಂದ ೨೦೦ರಷ್ಟು ಏರುವುದೆಂಬುದು ಅನುಭವದಿಂದ ಬಂದ ಲೆಕ್ಕ. ಹದಿನೇಳು ಅಂಗುಲದ್ದನ್ನು ಹಾಕಿದರೆ ಭಾರ ಹೊತ್ತಾಗ ೫,೦೦೦ವನ್ನು ದಾಟಿ ಎಲ್ಲೆಯೊಳಕ್ಕೆ ಬರುವುದು. ಹಗುರವಾಗಿದ್ದಾಗ ೫,೯೦೦ರ ಒಳಗೇ ಉಳಿಯುವುದು. ಎರಡು ಸ್ಥಿತಿಗಳಿಗೂ ಅದೇ ತಕ್ಕದ್ದು. ಭಾರದ ಏರುಪೇರು ಇದಕ್ಕಿಂತಲೂ ಹೆಚ್ಚಾಗಿದ್ದರೆ ಎರಡು ಪ್ರೊಪೆಲರುಗಳನ್ನು ಇಟ್ಟುಕೊಳ್ಳುವುದೇ ಲೇಸು. ಸಣ್ಣ ಎಂಜಿನುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ: ಹತ್ತೊಂಬತ್ತರಲ್ಲಿ ಒಂದು ಅಂಗುಲವೆಂದರೆ ಇಪ್ಪತ್ತನೆಯ ಒಂದು ಭಾಗದಷ್ಟು, ಹತ್ತರಲ್ಲಿ ಒಂದು ಅಂಗುಲವೆಂದರೆ ಹತ್ತನೆಯ ಒಂದು ಭಾಗ. ಚಿಕ್ಕ ಪಿಚ್ಚಿನಲ್ಲಿ ಅಂಗುಲದ ಪರಿಣಾಮ ಹೆಚ್ಚು.

ಪ್ರೊಪೆಲರಿನ ಆಯ್ಕೆಯಲ್ಲಿ ತಪ್ಪಿದರೆ ಎಂಥ ಎಂಜಿನೂ ನಿಷ್ಪ್ರಯೋಜಕವೆಂಬುದಕ್ಕೆ ಚಾರ್ಲ್ಸ್ ಪಾರ್ಸನ್ಸನ ‘ಟರ್ಬೀನಿಯಾ’ಕ್ಕಿಂತ ಉತ್ತಮ ನಿದರ್ಶನವಿಲ್ಲ. ಉಗಿ ಟರ್ಬೈನಿನ ಜನಕನಾದ ಪಾರ್ಸನ್ಸ್ ತನ್ನ ಯಂತ್ರದ ಸಾಮರ್ಥ್ಯವನ್ನು ಜಗತ್ತಿಗೆ ತೋರಿಸಲು ೧೮೯೪ರಲ್ಲಿ ನೂರು ಅಡಿಗೂ ಮೀರಿದ ಉದ್ದ, ಒಂಬತ್ತೇ ಅಡಿ ಅಗಲವಿರುವ ಈ ನೌಕೆಯನ್ನು ನೀರಿಗಿಳಿಸಿದನು. ಟರ್ಬೈನು ತಿರುಗುವ ವೇಗ ಹಳೆಯ ಉಗಿ ಎಂಜಿನುಗಳಿಗಿಂತ ಹಲವು ಪಟ್ಟು ಹೆಚ್ಚು. ಅದಕ್ಕೆ ನೇರವಾಗಿ ಜೋಡಿಸಿದ ಒಂದೇ ದಂಡದ ಪ್ರೊಪೆಲರು ಭರ್ರನೆ ತಿರುಗಿತು; ನೌಕೆ ಮಾತ್ರ ೨೦ ನಾಟ್‌ಗಳನ್ನೂ ಮುಟ್ಟಲಿಲ್ಲ. ಬಗೆಬಗೆಯ ಪ್ರೊಪೆಲರುಗಳನ್ನು ಬದಲಾಯಿಸಿ ನೋಡಿದರೂ ಫಲವಾಗಲಿಲ್ಲ. ಶಕ್ತಿಯೆಲ್ಲ ಎತ್ತ ಹೋಗುತ್ತಿದೆ?

ಪಾರ್ಸನ್ಸ್ ಊಹಿಸುತ್ತ ಕೂರಲಿಲ್ಲ. ಒಂದು ಚಿಕ್ಕ ತೊಟ್ಟಿಯಲ್ಲಿ ಬಿಸಿನೀರನ್ನು ತುಂಬಿ, ಮೇಲಿನ ಗಾಳಿಯ ಒತ್ತಡವನ್ನು ತಗ್ಗಿಸಿ, ಪುಟ್ಟ ಪ್ರೊಪೆಲರನ್ನು ತಿರುಗಿಸಿ, ಮಿಂಚಿ ಆರುವ ಬೆಳಕಿನಲ್ಲಿ ಅಲಗುಗಳನ್ನು ನಿಂತಂತೆ ಕಂಡನು. ಅಲಗುಗಳ ಬೆನ್ನಿನ ಮೇಲೆ ನೀರು ಕುದಿಯುತ್ತಿತ್ತು! ಕಾವಿನಿಂದ ಕುದಿದುದಲ್ಲ. ಅಲಗು ನೀರನ್ನು ಹಿಂದಕ್ಕೆ ಒತ್ತುವಾಗ ಅದರ ಮುಂಬದಿಯಲ್ಲಿ ಒತ್ತಡ ಕುಸಿಯುವುದು. ಒತ್ತಡ ಕುಸಿದಂತೆ ಕುದಿಯುವ ಉಷ್ಣತೆಯೂ ಇಳಿಯುವುದು. ನಮ್ಮ ಕಡಲಿನ ನೀರಿನಂತೆ ೩೦ ಡಿಗ್ರಿ ಸೆಲ್ಸಿಯಸ್ ಇರುವ ನೀರು, ಒತ್ತಡವು ವಾಯುಮಂಡಲದ ಒತ್ತಡದ ಇಪ್ಪತ್ತನಾಲ್ಕನೆಯ ಒಂದು ಭಾಗಕ್ಕೆ ಇಳಿದರೆ ಕುದಿದು ಆವಿಯಾಗಿಬಿಡುತ್ತದೆ. ಅಲಗು ಹಾಗೆ ನೀರನ್ನು ಬಿಟ್ಟು ಆವಿಯ ಗುಳ್ಳೆಗಳ ನಡುವೆ ತಿರುಗತೊಡಗಿದರೆ ನೂಕುವುದಾದರೂ ಏನನ್ನು? ಇದಕ್ಕೆ ಕ್ಯಾವಿಟೇಷನ್ ಎಂದು ಹೆಸರು. ಗುಳ್ಳೆಗಳು ಒತ್ತಡ ಹೆಚ್ಚಿರುವ ಕಡೆಗೆ ಸರಿದಾಗ ಫಟ್ಟನೆ ಕುಸಿದು ಲೋಹವನ್ನು ಸುತ್ತಿಗೆಯಂತೆ ಬಡಿಯುವುವು. ಹಳೆಯ ಪ್ರೊಪೆಲರುಗಳ ಮೇಲೆ ಗೆದ್ದಲು ತಿಂದಂತೆ ಕಾಣುವ ಕುಳಿಗಳು ಹೀಗೆ ಬಂದವು.

ಕಾರಣ ತಿಳಿದೊಡನೆ ಪರಿಹಾರವೂ ಹೊಳೆಯಿತು. ಒಂದೇ ಪ್ರೊಪೆಲರಿನ ಮೇಲೆ ಇಷ್ಟೊಂದು ಭಾರ ಹಾಕಬಾರದು. ಪಾರ್ಸನ್ಸ್ ಶಕ್ತಿಯನ್ನು ಮೂರು ದಂಡಗಳಿಗೆ ಹಂಚಿ, ಒಂದೊಂದರಲ್ಲಿ ಮೂರು ಮೂರರಂತೆ ಒಂಬತ್ತು ಪ್ರೊಪೆಲರುಗಳನ್ನು ಇಟ್ಟನು. ೧೮೯೭ರ ಜೂನ್ ೨೬ರಂದು ಸ್ಪಿಟ್‌ಹೆಡ್ಡಿನಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಅರುವತ್ತು ವರ್ಷಗಳ ನೆನಪಿಗೆ ನೌಕಾಪಡೆಯ ಮಹಾಪ್ರದರ್ಶನ ನಡೆಯುತ್ತಿರಲು, ಕರೆಯದೆ ಬಂದ ಟರ್ಬೀನಿಯಾ ಯುದ್ಧನೌಕೆಗಳ ಸಾಲುಗಳ ನಡುವೆ ೩೪ ನಾಟ್, ಎಂದರೆ ಗಂಟೆಗೆ ಸುಮಾರು ೬೩ ಕಿಲೋಮೀಟರು ವೇಗದಲ್ಲಿ ಸುಳಿದಾಡಿತು. ಹಿಡಿಯಲು ಹೋದ ಕಾವಲು ದೋಣಿಗಳು ಹಿಂದೆ ಬಿದ್ದವು. ಆ ನೌಕೆಯನ್ನು ನ್ಯೂಕಾಸಲ್ ನಗರದ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.

ಸಣ್ಣ ದೋಣಿಗೆ ಈ ಕಥೆಯ ಸಂಬಂಧವೇನೆಂದು ಕೇಳಬಹುದು. ಹದಿಮೂರು ಅಂಗುಲದ ಪ್ರೊಪೆಲರು ನಿಮಿಷಕ್ಕೆ ೨,೫೦೦ ಸುತ್ತು ತಿರುಗುವಾಗ ಅದರ ಅಲಗಿನ ತುದಿ ನೀರಿನೊಳಗೆ ಗಂಟೆಗೆ ಸುಮಾರು ೧೫೫ ಕಿಲೋಮೀಟರು ವೇಗದಿಂದ ಸುತ್ತುತ್ತಿರುತ್ತದೆ. ಅಂಚಿನಲ್ಲಿ ಒಂದು ಕಚ್ಚು ಬಿದ್ದಿದ್ದರೂ ಸಾಕು, ಅದರ ಹಿಂದೆ ಗುಳ್ಳೆಗಳ ಬಾಲ ಹುಟ್ಟಿಕೊಳ್ಳುವುದು. ಮರಳಿಗೂ ಕಲ್ಲಿಗೂ ತಾಗಿ ಕಚ್ಚಾದ ಅಲಗನ್ನು ಅರದಿಂದ ನಯಮಾಡಿ ಹಾಗೆಯೇ ಓಡಿಸುವವರು ಇಂಧನಕ್ಕೆ ಎಷ್ಟು ದಂಡ ತೆರುತ್ತಿದ್ದೇವೆಂದು ಅರಿಯರು.

ಕ್ಯಾವಿಟೇಷನ್ನಿನಂತೆಯೇ ತೋರುವ, ಆದರೆ ಬೇರೆಯೇ ಆದ ತೊಂದರೆ ಇನ್ನೊಂದಿದೆ. ಅಳಿವೆಯಲ್ಲಿ ಅಲೆಯ ನೆತ್ತಿಯ ಮೇಲೆ ದೋಣಿಯ ಹಿಂಬದಿ ಎದ್ದಾಗ ಪ್ರೊಪೆಲರು ಮೇಲ್ಮೈಯ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವುದು. ಎಂಜಿನು ಒಮ್ಮೆಲೆ ಚೀರುವುದು, ನೂಕುಬಲ ಬತ್ತಿಹೋಗುವುದು. ಇದಕ್ಕೆ ಪಿಚ್ಚಿನಿಂದ ಮದ್ದಿಲ್ಲ. ಎಂಜಿನನ್ನು ಎಷ್ಟು ಎತ್ತರದಲ್ಲಿ ಕಟ್ಟಿದೆಯೆಂಬುದನ್ನು ನೋಡಬೇಕು. ಪ್ರೊಪೆಲರಿನ ಮೇಲಿರುವ ಚಪ್ಪಟೆ ತಗಡು ಸುಮಾರಾಗಿ ದೋಣಿಯ ತಳದ ಮಟ್ಟದಲ್ಲಿರಬೇಕು. ಮೂರು ಅಲಗುಗಳ ಬದಲು ನಾಲ್ಕು ಅಲಗುಗಳಿರುವುದು ಇಂಥಲ್ಲಿ ಹಿಡಿತವನ್ನು ಸ್ವಲ್ಪ ಹೆಚ್ಚು ಉಳಿಸಿಕೊಳ್ಳುವುದು, ಭಾರವನ್ನೂ ಚೆನ್ನಾಗಿ ಎಳೆಯುವುದು. ಪ್ರತಿಯಾಗಿ ತುದಿವೇಗದಲ್ಲಿ ಒಂದಿಷ್ಟನ್ನು ಬಿಟ್ಟುಕೊಡಬೇಕಾಗುವುದು.

ಲೋಹದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅಲ್ಯೂಮಿನಿಯಂ ಅಗ್ಗ, ಭಾರದ ಕೆಳಗೆ ತುಸು ಬಾಗುವುದು. ತುಕ್ಕುಹಿಡಿಯದ ಉಕ್ಕು ಬಾಗದು, ಬಾಳುವುದು, ಬೆಲೆ ಹೆಚ್ಚು. ಕಲ್ಲಿಗೆ ತಾಗುವ ಸಂಭವವಿರುವಲ್ಲಿ ಅಗ್ಗದ್ದು ಮುರಿಯುವುದೇ ಮೇಲೆಂದು ನಾವು ಕಂಡ ಹಲವು ದೋಣಿಗಾರರು ಹೇಳುತ್ತಾರೆ, ಮಾತಿನಲ್ಲಿ ಸತ್ಯವಿದೆ. ಪ್ರೊಪೆಲರಿನ ಗುಂಬದೊಳಗೆ ರಬ್ಬರಿನ ಬುಶ್ಶನ್ನೋ, ಸಣ್ಣ ಯಂತ್ರಗಳಲ್ಲಿ ಮೆದು ಲೋಹದ ಪಿನ್ನನ್ನೋ ಇಟ್ಟಿರುವುದೂ ಇದೇ ಉದ್ದೇಶದಿಂದ: ಪೆಟ್ಟು ಬಿದ್ದಾಗ ಅದು ಬಲಿಯಾಗಿ ಬೆಲೆಬಾಳುವ ಗೇರುಗಳನ್ನು ಉಳಿಸುವುದು.

ಕರ್ನಾಟಕದ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಹತ್ತು ಅಶ್ವಶಕ್ತಿಯವರೆಗಿನ ಎಂಜಿನಿನ ನಾಡದೋಣಿಗಳಿಗೆ ವಿನಾಯಿತಿಯುಂಟು. ಕಡಲು ಅತ್ಯಂತ ಒರಟಾಗಿರುವ ಕಾಲದಲ್ಲಿ ಅತ್ಯಂತ ಸಣ್ಣ ಯಂತ್ರಗಳೇ ಅಳಿವೆಯನ್ನು ದಾಟಬೇಕೆಂದಾಯಿತು. ಹತ್ತನ್ನು ಹದಿನೈದು ಮಾಡುವಂತಿಲ್ಲ. ಆದುದರಿಂದ ಹತ್ತರಲ್ಲಿ ಹತ್ತೂ ನೀರಿಗೆ ಮುಟ್ಟುವಂತೆ ನೋಡಿಕೊಳ್ಳುವುದೇ ಉಳಿದ ದಾರಿ. ಎಂಜಿನು ತನ್ನ ಎಲ್ಲೆಗಿಂತ ಬಹಳ ಕೆಳಗೆ ತಿರುಗುತ್ತಿದ್ದರೆ ಅದರ ಮೇಲೆ ಬರೆದ ಅಶ್ವಶಕ್ತಿ ಕಾಗದದ ಮೇಲಿನ ಅಶ್ವಶಕ್ತಿಯಾಗಿಯೇ ಉಳಿಯುವುದು.

ಗಂಗೊಳ್ಳಿಯ ಆ ದೋಣಿಗೆ ಒಂಬತ್ತೂಕಾಲು ಅಂಗುಲ ವ್ಯಾಸದ್ದೇ, ಆದರೆ ಎಂಟು ಅಂಗುಲ ಪಿಚ್ಚಿನ ಪ್ರೊಪೆಲರನ್ನು ಹಾಕಿದರು. ಮರುದಿನ ನಸುಕಿನಲ್ಲಿ ಯಜಮಾನನ ಮುಖ ಅಷ್ಟು ಗೆಲುವಾಗಿರಲಿಲ್ಲ. ಖಾಲಿ ದೋಣಿ ಮೊದಲಿನಷ್ಟು ಹಾರುತ್ತಿಲ್ಲವೆಂದೂ ಎಂಜಿನಿನ ಸದ್ದು ಏರಿದೆಯೆಂದೂ ಗೊಣಗಿದನು. ಮೆಕ್ಯಾನಿಕನು ಟ್ಯಾಕೋಮೀಟರನ್ನು ಹಿಡಿದು ನೋಡಿ, ಪೂರ್ತಿ ಥ್ರಾಟಲಿಗೆ ಮಾತ್ರ ಖಾಲಿಯಲ್ಲಿ ಹೋಗಬೇಡವೆಂದು ತಿಳಿಸಿ, ಸಂಜೆಯವರೆಗೆ ಕಾಯುವಂತೆ ಹೇಳಿದನು. ಸಂಜೆ ನಾವೂ ದಕ್ಕೆಯಲ್ಲಿದ್ದೆವು. ಅಂಚಿನವರೆಗೆ ಮುಳುಗಿದ ದೋಣಿ ಅಳಿವೆಯ ಹೊರಗೆ ಸ್ವಲ್ಪ ಹೊತ್ತು ತಡೆದು ನಿಂತು, ದೊಡ್ಡ ಅಲೆಯೊಂದು ಮುರಿದು ಹೋಗುವುದನ್ನೇ ಕಾದು, ಅದರ ಬೆನ್ನಿನ ಮೇಲೆ ಒಂದೇ ಓಟದಲ್ಲಿ ಒಳಕ್ಕೆ ಬಂದಿತು. ಹೊಗೆ ಕಾಣಲಿಲ್ಲ. ಹಳೆಯ ಪ್ರೊಪೆಲರನ್ನು ಯಜಮಾನನು ಎಸೆದಿರಲಿಲ್ಲ. ಹಗ್ಗದಲ್ಲಿ ಬಿಗಿದು, ಎರಡು ಪಿನ್ನುಗಳೊಡನೆ ಹಲಗೆಯ ಕೆಳಗೆ ಇಟ್ಟುಕೊಂಡಿದ್ದನು.